134 ಮೆಗಾಹರ್ಟ್ಸ್‌ನಲ್ಲಿ ಎಂಸಿ1648: ಕೊನೆಗೂ ಟ್ಯಾಂಕ್ ಕೂತ ಕಥೆ

2 ಮೀಟರ್ ಹ್ಯಾಮ್ ಬ್ಯಾಂಡಿನ ರಿಸೀವರ್‌ಗೆ ಲೋಕಲ್ ಆಸಿಲೇಟರ್ (ಬಂದ ಸಿಗ್ನಲ್ ಜೊತೆ ಬೆರೆಸಲು ರಿಸೀವರ್ ಒಳಗೇ ಫ್ರೀಕ್ವೆನ್ಸಿ ಹುಟ್ಟಿಸುವ ಸರ್ಕ್ಯೂಟ್) ಬೇಕು ಅಂದರೆ ಈಗ ಎಲ್ಲರದ್ದೂ ಒಂದೇ ಉತ್ತರ, ಎಸ್‌ಐ5351 ಅನ್ನೋ ರೆಡಿಮೇಡ್ ಕ್ಲಾಕ್ ಚಿಪ್ ಹಾಕಿ ಕೈ ತೊಳ್ಕೊಳ್ಳಿ. ನಾನು ಹಳೇ ಆಸಿಲೇಟರ್ ಚಿಪ್ ಎಂಸಿ1648 ಹಿಡಿದು, ಅದರ ಫ್ರೀಕ್ವೆನ್ಸಿ ನಿರ್ಧರಿಸುವ ಟ್ಯಾಂಕ್ (ಕಾಯಿಲ್, ಕೆಪಾಸಿಟರ್ ಜೋಡಿ) ಕಟ್ಟಲು ಕೂತಾಗ ನಮ್ಮ ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೋದವರು) ಒಬ್ಬರು, "ಏನಪ್ಪಾ, ಮ್ಯೂಸಿಯಂ ಇಡ್ತೀಯಾ? ಆ ಕಾಯಿಲ್ ಸುತ್ತಿ ಸುತ್ತಿ ಬೆರಳು ಸವೆಯುತ್ತೆ ಅಷ್ಟೇ, ಅದು ನಿಲ್ಲಲ್ಲ" ಅಂದರು. ಈಗ ನಿಂತಿದೆ. ಅವರೇ ಬಂದು ಕೇಳಿಸಿಕೊಂಡು, ಟೀ ಕುಡಿದು, ಸರ್ಕ್ಯೂಟ್‌ನ ಫೋಟೋ ತೆಗೆದುಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೇಕಿದ್ದದ್ದು ಇಷ್ಟು. ನಮ್ಮ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ಐಎಫ್ (ಬೆರೆಸಿದ ಮೇಲೆ ಸಿಗುವ ಮಧ್ಯಂತರ ಫ್ರೀಕ್ವೆನ್ಸಿ) 10.7. ಅಂದರೆ ಆಸಿಲೇಟರ್ 133.3ರಿಂದ 135.3ರವರೆಗೆ ಓಡಬೇಕು. ಬರೀ ಎರಡು ಮೆಗಾಹರ್ಟ್ಸ್. ಟ್ಯೂನಿಂಗ್ ವೋಲ್ಟೇಜ್ ಬರುವುದು ಆಸಿಲೇಟರನ್ನು ಬೇಕಾದ ಫ್ರೀಕ್ವೆನ್ಸಿಗೆ ಕಟ್ಟಿಹಾಕುವ (ಲಾಕ್ ಮಾಡುವ) ಎಡಿಎಫ್4001 ಪಿಎಲ್‌ಎಲ್‌ನಿಂದ, 5 ವೋಲ್ಟ್ ಸಪ್ಲೈ, ಹಾಗಾಗಿ 1ರಿಂದ 4.5 ವೋಲ್ಟ್ ಮಾತ್ರ ನಂಬಿಕೊಳ್ಳಬಹುದು.

ಮೊದಲನೇ ಬೋರ್ಡ್‌ನಲ್ಲಿ ಎಲ್ಲರ ಹಾಗೆ ವೆರಾಕ್ಟರನ್ನು (ವೋಲ್ಟೇಜ್ ಬದಲಿಸಿದರೆ ಕೆಪಾಸಿಟೆನ್ಸ್ ಬದಲಾಗುವ ಡಯೋಡ್) ನೇರವಾಗಿ ಕಾಯಿಲ್‌ಗೆ ಅಡ್ಡ ಹಾಕಿದೆ. ಎಂವಿ2109, 4 ವೋಲ್ಟ್‌ನಲ್ಲಿ 33 ಪಿಕೋಫ್ಯಾರಡ್. ಆಸಿಲೇಟರ್ ಓಡಿತು, ಓಡಿದ್ದೇ ಓಡಿದ್ದು! ಎರಡು ಮೆಗಾಹರ್ಟ್ಸ್ ಬೇಕಿದ್ದ ಕಡೆ ಇಪ್ಪತ್ತೈದರ ಆಸುಪಾಸು ಬಂತು. ಖುಷಿಪಡುವ ವಿಷಯ ಅಲ್ಲ ಇದು. ಒಂದು ವೋಲ್ಟ್‌ಗೆ ಏಳೆಂಟು ಮೆಗಾಹರ್ಟ್ಸ್ ಅಂದರೆ ಟ್ಯೂನಿಂಗ್ ದಾರಿಯಲ್ಲಿರುವ 100 ಕಿಲೋ ಓಮ್ ರೆಸಿಸ್ಟರ್ ತನ್ನಷ್ಟಕ್ಕೆ ಮಾಡುವ ಗದ್ದಲವೇ ಎಫ್‌ಎಂ ಆಗಿ ಕೂರುತ್ತದೆ. ಅದರ ಮೇಲೆ ಆ ವೆರಾಕ್ಟರ್‌ನ ಕ್ಯೂ (ನಷ್ಟ ಕಡಿಮೆ ಇದ್ದಷ್ಟೂ ಇದು ಹೆಚ್ಚು) 50 ಮೆಗಾಹರ್ಟ್ಸ್‌ನಲ್ಲಿ 200, 134ಕ್ಕೆ ಬರುವಷ್ಟರಲ್ಲಿ 75ಕ್ಕೆ ಇಳಿದಿರುತ್ತದೆ. ಈ ಚಿಪ್‌ಗೆ ಕಾಯಿಲ್ ಕ್ಯೂ 100 ದಾಟಿರಬೇಕು. ಕಾಯಿಲ್ ಎಷ್ಟೇ ಚಿನ್ನದಂಥದ್ದಿದ್ದರೂ ಡಯೋಡ್ ಒಂದೇ ಟ್ಯಾಂಕನ್ನು ಕೆಡಿಸುತ್ತದೆ. ರಿಸೀವರ್‌ನಲ್ಲಿ ಕ್ಯಾರಿಯರ್ ಕೇಳಿದರೆ ಗೊರಗೊರ.

ಹಾಗಾದರೆ ಏನು ಮಾಡಬೇಕು? ವೆರಾಕ್ಟರ್‌ಗೆ ಟ್ಯಾಂಕ್‌ನಲ್ಲಿ ಮೂಲೆಯಲ್ಲಿ ಜಾಗ ಕೊಡಬೇಕು, ನಡುಮನೆಯಲ್ಲಲ್ಲ. ನನ್ನ ಲೆಕ್ಕ ಹೀಗೆ ಹೋಯಿತು. ಕಾಯಿಲ್ ಸುಮಾರು 52 ನ್ಯಾನೋಹೆನ್ರಿ, ಅದಕ್ಕೆ ಬೇಕಾದ ಒಟ್ಟು ಕೆಪಾಸಿಟೆನ್ಸ್ 27 ಪಿಕೋ. ಚಿಪ್ ಒಳಗಿನದ್ದೇ 6 ಹೋಯಿತು. ಬೋರ್ಡ್ ಒಂದೆರಡು ತಿನ್ನುತ್ತದೆ. ವೆರಾಕ್ಟರನ್ನು 12 ಪಿಕೋ ಎನ್‌ಪಿಓ (ಬಿಸಿಗೆ ಕದಲದ) ಕೆಪಾಸಿಟರ್ ಮೂಲಕ ಸೀರೀಸ್‌ನಲ್ಲಿ ಹಾಕಿದರೆ ಆ ಕವಲು 9ರ ಹತ್ತಿರ. ಉಳಿದದ್ದು 8.2 ಪಿಕೋ ಒಂದು, ಜೊತೆಗೆ ಚಿಕ್ಕ ಟ್ರಿಮ್ಮರ್. 1ರಿಂದ 4.5 ವೋಲ್ಟ್‌ಗೆ ಆ ಕವಲು ಬದಲಾಗುವುದು ಒಂದು ಪಿಕೋ, ಅಷ್ಟೇ. ಆ ಒಂದು ಪಿಕೋಗೆ ಎರಡೂವರೆ ಮೆಗಾಹರ್ಟ್ಸ್ ಸಿಗುತ್ತದೆ. 10 ಪಿಕೋ ಹಾಕಿ ನೋಡಿದೆ, ಎರಡು ಮೆಗಾಹರ್ಟ್ಸ್‌ಗೆ ತುಸು ಕಡಿಮೆಯೇ ಬಂತು, ಬೆಳಿಗ್ಗೆ ಲಾಕ್ ಆಗಿದ್ದು ಮಧ್ಯಾಹ್ನ ಬಿಟ್ಟುಹೋಗುತ್ತಿತ್ತು. 12ನ್ನೇ ಹಾಕಿ.

ಇದರಲ್ಲಿ ಇನ್ನೂ ಎರಡು ಲಾಭ ಪುಕ್ಕಟೆಯಾಗಿ ಬಂತು. ಆರ್‌ಎಫ್ ವೋಲ್ಟೇಜಿನ ಕಾಲು ಭಾಗ ಮಾತ್ರ ವೆರಾಕ್ಟರ್ ಮೇಲೆ ಬೀಳುವುದರಿಂದ ಅದರ ಕೆಟ್ಟ ಕ್ಯೂ ಟ್ಯಾಂಕ್‌ಗೆ ಹೆಚ್ಚು ತಟ್ಟುವುದಿಲ್ಲ, ಒಟ್ಟು ಕ್ಯೂ 120-130ರಲ್ಲಿ ನಿಲ್ಲುತ್ತದೆ. ಅದೇ ಕಾರಣಕ್ಕೆ ಆ 100 ಕಿಲೋ ರೆಸಿಸ್ಟರನ್ನು ಕಿತ್ತು 10 ಕಿಲೋ ಹಾಕಿದರೂ ಟ್ಯಾಂಕ್‌ಗೆ ಭಾರ ಅನ್ನಿಸುವುದಿಲ್ಲ, ಗದ್ದಲ ಮಾತ್ರ 10 ಡಿಬಿ ಇಳಿಯುತ್ತದೆ. ಮೂರನೇದ್ದೂ ಒಂದಿದೆ ನೋಡಿ, ಟ್ಯಾಂಕ್ ಪಿನ್‌ನಲ್ಲಿ ಸುಮಾರು 1.4 ವೋಲ್ಟ್ ಡಿಸಿ ಇರುತ್ತದಲ್ಲ, 12 ಪಿಕೋ ಅದನ್ನು ತಡೆಯುತ್ತದೆ, ಹಾಗಾಗಿ ವೆರಾಕ್ಟರ್‌ನ ಇನ್ನೊಂದು ಕಾಲನ್ನು ನೇರ ಗ್ರೌಂಡ್‌ಗೆ ಹಾಕಬಹುದು. ಮೊದಲೇ ಇರುವ ನಾಲ್ಕು ವೋಲ್ಟ್‌ನಲ್ಲಿ ಒಂದೂವರೆ ಕಳೆದುಕೊಂಡರೆ ಉಳಿಯುವುದೇನು?

ಕಾಯಿಲ್ ವಿಷಯಕ್ಕೆ ಬರೋಣ, ಹೆಚ್ಚು ದುಡ್ಡು ಹಾಳಾದದ್ದು ಇಲ್ಲೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ರೆಸಿಸ್ಟರ್ ಥರದ ಮೋಲ್ಡೆಡ್ ಚೋಕ್, 0.1 ಮೈಕ್ರೋಹೆನ್ರಿ, ಎರಡನ್ನು ಪ್ಯಾರಲಲ್ ಹಾಕಿದರೆ 50 ನ್ಯಾನೋ. ಕೈಗೆ ಕೆಲಸ ಇಲ್ಲ, ನೋಡಲು ಅಚ್ಚುಕಟ್ಟು. ಕ್ಯೂ 40. ಚಿಪ್ ಓಡಲು ಹಿಂದೆಮುಂದೆ ನೋಡುತ್ತಿತ್ತು, ಕೈ ಹತ್ತಿರ ತಂದರೆ ನಿಂತೇ ಹೋಗುತ್ತಿತ್ತು. ಆಮೇಲೆ ಹೆಸರಾಂತ ಕಂಪನಿಯ ಏರ್‌ಕೋರ್ ಚಿಪ್ ಕಾಯಿಲ್‌ಗಳನ್ನು ಹೊರದೇಶದಿಂದ ತರಿಸಿದೆ. ಕಾಯಿಲ್‌ಗಿಂತ ಕೊರಿಯರ್‌ಗೇ ಜಾಸ್ತಿ ಆಯಿತು, ಎರಡು ಸಾವಿರದ ಹತ್ತಿರ. ಚೆನ್ನಾಗಿದ್ದವು, ಇಲ್ಲ ಅನ್ನಲ್ಲ. ಆದರೆ ಸುತ್ತು ಬಿಡಿಸಿ ಹೊಂದಿಸಲು ಆಗಲ್ಲ.

ಕೊನೆಗೆ ಉಳಿದದ್ದು 20 ಗೇಜ್ ಎನಾಮೆಲ್ ತಂತಿ, 5 ಎಂಎಂ ಡ್ರಿಲ್ ಬಿಟ್ ಮೇಲೆ 4 ಸುತ್ತು, 8 ಎಂಎಂ ಉದ್ದಕ್ಕೆ ಎಳೆದದ್ದು. ಖರ್ಚು ಒಂದು ರೂಪಾಯಿ ಇರಬಹುದೇನೋ. ಇದಕ್ಕೆ 27 ಪಿಕೋ ಬೆಸೆದು, ನ್ಯಾನೋವಿಎನ್‌ಎ ಎಂಬ ಅಳತೆ ಉಪಕರಣದ ಎರಡು ಪೋರ್ಟ್‌ಗೂ ಒಂದೊಂದು ಚಿಕ್ಕ ತಂತಿ ಬಳೆ ಹಾಕಿ, ಕಾಯಿಲನ್ನು ಅವುಗಳ ಮಧ್ಯೆ ದೂರದಲ್ಲಿ ಹಿಡಿದರೆ ಶಿಖರ ಕಾಣುತ್ತದೆ. ಬಳೆಗಳನ್ನು ಹತ್ತಿರ ತಂದರೆ ಸುಳ್ಳು ಕ್ಯೂ ಬರುತ್ತದೆ. ಶಿಖರ ಮೈನಸ್ 40 ಡಿಬಿಗಿಂತ ಕೆಳಗಿರುವಷ್ಟು ದೂರ ಇಡಿ. ನನಗೆ 3 ಡಿಬಿ ಅಗಲ 0.9 ಮೆಗಾಹರ್ಟ್ಸ್ ಸಿಕ್ಕಿತು, ಅಂದರೆ ಕ್ಯೂ 150. ಮೋಲ್ಡೆಡ್ ಚೋಕ್‌ಗೆ ಇದೇ ಅಗಲ 3ರ ಮೇಲಿತ್ತು.

ಸುತ್ತು ಹೊಂದಿಸಲು ಸ್ಕ್ರೂಡ್ರೈವರ್ ಬೇಡ, ಊದುಬತ್ತಿ ಕಡ್ಡಿ ಸಾಕು. ಕಡೆಯ ಸುತ್ತನ್ನು ಕೂದಲೆಳೆಯಷ್ಟು ಸರಿಸಿದರೆ ಫ್ರೀಕ್ವೆನ್ಸಿ ಅರ್ಧ ಮೆಗಾಹರ್ಟ್ಸ್ ಏರುತ್ತದೆ.

ಚಿಪ್‌ನ 10ನೇ ಪಿನ್ನಿನಿಂದ ಗ್ರೌಂಡ್‌ಗೆ ಹಾಕುವ ಬೈಪಾಸ್ ಕೆಪಾಸಿಟರ್ ಬಗ್ಗೆ ಒಂದು ಮಾತು, ಇದನ್ನು ಯಾರೂ ಗಮನಿಸಲ್ಲ. ಮಾಮೂಲಿ ಕಾಲಿರುವ 0.1 ಮೈಕ್ರೋ ಹಾಕಿದಾಗ 134ಕ್ಕೆ ಕಟ್ಟಿದ್ದು 122ರಲ್ಲಿ ಓಡುತ್ತಿತ್ತು. ಟ್ರಿಮ್ಮರ್ ಪೂರ್ತಿ ತೆಗೆದರೂ ಮೇಲೆ ಬರಲಿಲ್ಲ. ಕೆಪಾಸಿಟರ್ ಕಾಲಿನ ಒಂದು ಸೆಂಟಿಮೀಟರ್ ತಂತಿ ಎಂಟ್ಹತ್ತು ನ್ಯಾನೋಹೆನ್ರಿ ಇರುತ್ತದೆ, ಅದು ಟ್ಯಾಂಕ್‌ನ ಒಳಗೇ ಬರುತ್ತದೆ. 1 ನ್ಯಾನೋಫ್ಯಾರಡ್ ಚಿಪ್ ಕೆಪಾಸಿಟರನ್ನು ಪಿನ್ ಬುಡಕ್ಕೇ ಬೆಸೆದೆ, ಸರಿಹೋಯಿತು.

ಇನ್ನು 5ನೇ ಪಿನ್, ಎಜಿಸಿ, ಅಂದರೆ ಆಸಿಲೇಟರ್‌ನ ಮಟ್ಟ ಹಿಡಿದಿಡುವ ಪಿನ್. 100 ಮೆಗಾಹರ್ಟ್ಸ್ ಮೇಲೆ ಔಟ್‌ಪುಟ್ ಸೊರಗಿದರೆ ಇಲ್ಲಿಂದ ಪ್ಲಸ್‌ಗೆ ಒಂದು ರೆಸಿಸ್ಟರ್ ಹಾಕಬಹುದು, 1 ಕಿಲೋಗಿಂತ ಕಡಿಮೆ ಬೇಡ. ನಾನು ಎಷ್ಟು ಓಮ್ ಹಾಕಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ಒಂದು ಇಡೀ ವಾರಾಂತ್ಯ ಹೋಗಿದೆ. ಹಾಗೇ ಕಾಯಿಲ್ ಮೇಲೆ ಸುರಿದ ಮೇಣದ ಮಿಶ್ರಣ ಕೂಡ. ಬರೀ ಮೇಣದಬತ್ತಿ ಕರಗಿಸಿ ಸುರಿದರೆ ತಣ್ಣಗಾಗುವಾಗ ಬಿರುಕು ಬಿಡುತ್ತದೆ, ಮೇಜು ಕುಟ್ಟಿದರೆ ಸ್ಪೀಕರ್‌ನಲ್ಲಿ ಠಣ್ ಅನ್ನುತ್ತದೆ. ಅಷ್ಟು ಮಾತ್ರ ಹೇಳುತ್ತೇನೆ.

ಮಧ್ಯೆ ಸುಮ್ನೆ ಆಟವೂ ಆಡಿದೆ. ಮಾಮೂಲಿ ರೆಕ್ಟಿಫೈಯರ್ ಡಯೋಡ್ 1ಎನ್4007ನ್ನು ವೆರಾಕ್ಟರ್ ಮಾಡಿ 7 ಮೆಗಾಹರ್ಟ್ಸ್ ವಿಎಫ್‌ಓ (ಟ್ಯೂನ್ ಮಾಡಬಲ್ಲ ಆಸಿಲೇಟರ್) ಕಟ್ಟಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. 134ರಲ್ಲಿ ಅದು ಕೆಲಸಕ್ಕೆ ಬರಲ್ಲ, ವೋಲ್ಟೇಜ್ ಇಳಿಸಿದ ಹಾಗೆ ಆಸಿಲೇಟರ್ ಸತ್ತೇ ಹೋಯಿತು. ಕೆಂಪು ಎಲ್‌ಇಡಿ ಅದಕ್ಕಿಂತ ಚೆನ್ನಾಗಿ ನಡೆಯಿತು, ಆದರೆ ಒಂದು ಹಮ್. ಸಪ್ಲೈ ಬದಲಿಸಿದೆ, ಬ್ಯಾಟರಿಯಲ್ಲಿ ಓಡಿಸಿದೆ, ಹೋಗಲೇ ಇಲ್ಲ. ರಾತ್ರಿ ಕರೆಂಟ್ ಹೋದಾಗ ನಿಂತಿತು! ಎಲ್‌ಇಡಿ ಬೆಳಕನ್ನೂ ನೋಡುತ್ತದಲ್ವಾ, ರೂಮಿನ ದೀಪದ 100 ಹರ್ಟ್ಸ್ ಅದರೊಳಗೆ ನುಗ್ಗುತ್ತಿತ್ತು. ಕಪ್ಪು ಟೇಪ್ ಸುತ್ತಿದ ಮೇಲೆ ಪೂರ್ತಿ ಮೌನ.

ದುಡ್ಡಿನ ಲೆಕ್ಕ: ಚಿಪ್ ಈಗ ಹೊಸದಾಗಿ ತಯಾರಾಗುತ್ತಿಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬಂದ ಐದರಲ್ಲಿ ಮೂರು ಸತ್ತಿದ್ದವು, ಅಸಿಟೋನ್ ಬಟ್ಟೆಯಲ್ಲಿ ಒರೆಸಿದರೆ ಮೇಲಿನ ಬರಹವೇ ಕೈಗೆ ಬಂತು. ಹಳೇ ಸ್ಟಾಕ್ ಇಟ್ಟಿದ್ದ ಒಬ್ಬ ವ್ಯಾಪಾರಿ ಬಳಿ ಒಂದಕ್ಕೆ ಮುನ್ನೂರೈವತ್ತೋ ನಾನೂರೋ ಕೊಟ್ಟೆ, ಎರಡೂ ಅಸಲಿ. ಬೋರ್ಡ್‌ಗಳು, ವ್ಯರ್ಥವಾದ ಕಾಯಿಲ್‌ಗಳು, ಕೊರಿಯರ್ ಎಲ್ಲ ಸೇರಿ ಆರೇಳು ಸಾವಿರ ಆಗಿರಬೇಕು. ಈಗ ಮತ್ತೊಂದು ಕಟ್ಟಿದರೆ ಪಿಎಲ್‌ಎಲ್ ಬಿಟ್ಟು ಎಂಟುನೂರರೊಳಗೆ ಆಗುತ್ತದೆ.

ಸ್ನೇಹಿತರ ಆಫೀಸಿನ ಅನಲೈಜರ್‌ನಲ್ಲಿ ನೋಡಿದಾಗ ಕ್ಯಾರಿಯರ್‌ನಿಂದ 10 ಕಿಲೋಹರ್ಟ್ಸ್ ಆಚೆ ಫೇಸ್ ನಾಯ್ಸ್ (ಆಸಿಲೇಟರ್‌ನ ಗದ್ದಲ) ಮೈನಸ್ 105 ಡಿಬಿಸಿ/ಹರ್ಟ್ಸ್ ಹತ್ತಿರ ತೋರಿಸಿತು, ಎಷ್ಟು ಕೆಳಗೋ ಅಷ್ಟು ಒಳ್ಳೇದು. ಮೊದಲನೇ ಬೋರ್ಡ್ ಮೈನಸ್ 90 ಕೂಡ ಮುಟ್ಟಿರಲಿಲ್ಲ.

ಮುಂದಿನದು 70 ಸೆಂಟಿಮೀಟರ್ ಬ್ಯಾಂಡ್. ಅದಕ್ಕೆ ಇದರ ತಮ್ಮ ಎಂಸಿ100ಇಎಲ್1648 ತರಿಸಿದ್ದೇನೆ, 1100 ಮೆಗಾಹರ್ಟ್ಸ್‌ವರೆಗೆ ಹೋಗುವಂಥದ್ದು. ಅಲ್ಲಿ ಬೇಕಾದ ಇಂಡಕ್ಟೆನ್ಸ್ 10 ನ್ಯಾನೋ ಅಷ್ಟೇ, ಸುತ್ತೇ ಬೇಡ, ಹೇರ್‌ಪಿನ್ ಥರ ಬಗ್ಗಿಸಿದ ಒಂದು ತಂತಿ ಸಾಕು. ಬೋರ್ಡ್ ಕೊರೆಸಲು ಕೊಟ್ಟಾಗಿದೆ.