ನಾಯಿಗಳ ಪಾರ್ವೋ: 2ಎ, 2ಬಿ, 2ಸಿ ಗುರುತಿಸುವ ಬಗೆ

ಪಾರ್ವೋ ನಾಯಿಗಳಿಗೆ ರಕ್ತಭೇದಿ ತರುವ ವೈರಸ್; 2ಎ, 2ಬಿ, 2ಸಿ ಅದರ ಬಗೆಗಳು. ರಕ್ತಭೇದಿಯಿಂದ ಸೊರಗಿದ ಮರಿಗೆ ಚಿಕಿತ್ಸೆ ಕೊಡಲು ವೈರಸ್ ಯಾವ ಬಗೆಯದೆಂದು ತಿಳಿಯಬೇಕಿಲ್ಲ. ಡ್ರಿಪ್ ಎಲ್ಲಕ್ಕೂ ಒಂದೇ. ಆದರೆ ಲಸಿಕೆ ಹಾಕಿಸಿದ ನಾಯಿಗೂ ಭೇದಿ ಹತ್ತಿದಾಗ, ಸಿಕ್ಕಿದ್ದು ಹೊರಗಿನ ವೈರಸ್ಸೋ ಲಸಿಕೆಯದೋ ಎಂದು ತಿಳಿಯಲು ವೈರಸ್ಸಿನ ಪ್ರೋಟೀನ್ ಕವಚವನ್ನು ರೂಪಿಸುವ ವಿಪಿ2 ಜೀನನ್ನೇ ಓದಬೇಕು.

ಗುದದಿಂದ ತೆಗೆದ ಸ್ವಾಬನ್ನು 1 ಮಿ.ಲೀ. ಪಿಬಿಎಸ್ ಎಂಬ ಫಾಸ್ಫೇಟ್ ಉಪ್ಪುನೀರಿನಲ್ಲಿ ಕದಡಿ, 10 ನಿಮಿಷ ಕುದಿಸಿ, ಕೂಡಲೇ ಐಸ್‌ನಲ್ಲಿಡಿ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಹತ್ತು ಪಟ್ಟು ನೀರಾಗಿಸಿ ಬಳಸಿ. ಹಾಗೇ ಹಾಕಿದರೆ ಮಲದಲ್ಲಿರುವ ಪಿತ್ತಲವಣಗಳೂ ರಕ್ತದ ಹೀಮೂ ಡಿಎನ್‌ಎ ನಕಲಿಸುವ ಪಾಲಿಮರೇಸ್ ಕಿಣ್ವದ ಕೈ ಕಟ್ಟುತ್ತವೆ. ರೋಗವಿದ್ದರೂ ಜೆಲ್‌ನಲ್ಲಿ ಬ್ಯಾಂಡ್ (ಡಿಎನ್‌ಎ ಗೆರೆ) ಬರುವುದಿಲ್ಲ.

25 ಮೈಕ್ರೋಲೀಟರ್ ಪಿಸಿಆರ್‌ಗೆ (ಡಿಎನ್‌ಎ ತುಣುಕನ್ನು ಹಲವು ಪಟ್ಟು ನಕಲಿಸುವ ವಿಧಾನ) 12.5 ಮೈಕ್ರೋಲೀಟರ್ ಮಾಸ್ಟರ್ ಮಿಕ್ಸ್, ವಿಪಿ2 ತುಣುಕಿನ ಎರಡು ತುದಿಗೆ ಅಂಟುವ 555 ಹೆಸರಿನ ಎರಡೂ ಪ್ರೈಮರ್‌ಗಳು ತಲಾ 10 ಪಿಕೋಮೋಲ್, ಮಾದರಿ 2 ಮೈಕ್ರೋಲೀಟರ್, ಉಳಿದದ್ದು ನೀರು. ಅನೀಲಿಂಗ್ (ಪ್ರೈಮರ್ ಅಂಟುವ ಹಂತ) 50 ಡಿಗ್ರಿ, ಒಟ್ಟು 35ರಿಂದ 40 ಸುತ್ತು. ಶೇ. 1.5ರ ಅಗರೋಸ್ ಜೆಲ್‌ನಲ್ಲಿ 583 ಬೇಸ್‌ಜೋಡಿಯ ಬ್ಯಾಂಡ್ ಕಾಣಬೇಕು. ಬರಿಯ ನೀರು ಹಾಕಿದ ಟ್ಯೂಬಿನಲ್ಲೂ ಅದು ಕಂಡರೆ ಆ ದಿನದ ಫಲಿತಾಂಶವನ್ನೆಲ್ಲ ಬಿಟ್ಟುಬಿಡಿ. ಮೇಜನ್ನು ಹೈಪೋಕ್ಲೋರೈಟ್‌ನಿಂದಲೇ ಒರೆಸಿ. ಪಾರ್ವೋಗೆ ಕೊಬ್ಬಿನ ಹೊರಪೊರೆಯಿಲ್ಲ, ಸ್ಪಿರಿಟ್ ನಾಟುವುದಿಲ್ಲ.

ಸೀಕ್ವೆನ್ಸಿಂಗ್‌ನಲ್ಲಿ, ಅಂದರೆ ಡಿಎನ್‌ಎ ಬೇಸ್‌ಗಳನ್ನು ಸಾಲಾಗಿ ಓದುವಾಗ, ಎಡವುವುದು ಹೀಗೆ. 426ನೆಯ ಅಮೈನೋ ಆಮ್ಲದ ಸಂಕೇತ ಈ ತುಣುಕಿನ 60ನೆಯ ಬೇಸ್‌ನಲ್ಲಿ ಶುರುವಾಗುತ್ತದೆ. ಫಾರ್ವರ್ಡ್ (ತುಣುಕಿನ ಆರಂಭದ) ಪ್ರೈಮರ್‌ನಿಂದ ಓದಿಸಿದರೆ ಮೊದಲ ಹಲವಾರು ಬೇಸ್‌ಗಳು ಮಸುಕಾಗಿ, ಬೇಕಾದ ಜಾಗವೇ ಅನುಮಾನಕ್ಕೆ ಬೀಳುತ್ತದೆ. ರಿವರ್ಸ್ (ತುಣುಕಿನ ಕೊನೆಯ) ಪ್ರೈಮರ್‌ನಿಂದ ಕಡ್ಡಾಯವಾಗಿ ಓದಿಸಿ. ಎಎಟಿ ಇದ್ದರೆ ಆಸ್ಪರಜಿನ್, ಜಿಎಟಿ ಇದ್ದರೆ ಆಸ್ಪಾರ್ಟಿಕ್ ಆಮ್ಲ, ಅಂದರೆ 2ಬಿ. ಜಿಎಎ ಇದ್ದರೆ ಗ್ಲುಟಾಮಿಕ್ ಆಮ್ಲ, 2ಸಿ. ಒಂದೇ ಜಾಗದಲ್ಲಿ ಎರಡು ಶಿಖರ ಕಂಡರೆ ಎರಡು ವೈರಸ್ ಬೆರೆತಿರಬಹುದು. ತುಣುಕನ್ನು ಕ್ಲೋನ್ ಮಾಡಿ (ಒಂದೊಂದನ್ನೂ ಬೇರ್ಪಡಿಸಿ ಬೆಳೆಸಿ) ಮತ್ತೆ ಓದಿಸಿ.

ಆಸ್ಪರಜಿನ್ ಕಂಡ ಕೂಡಲೇ 2ಎ ಎಂದು ಬರೆದುಬಿಡಬೇಡಿ. 1978ರಲ್ಲಿ ಕಾಣಿಸಿಕೊಂಡ ಮೂಲ ವೈರಸ್ಸಿನಲ್ಲೂ ಅಲ್ಲಿ ಅದೇ ಇದೆ, ಹಲವು ಲಸಿಕೆಗಳಲ್ಲಿರುವುದು ಆ ಮೂಲ ಬಗೆಯೇ. ಇವೆರಡನ್ನು ಬಿಡಿಸುವುದು 87, 101, 300, 305ನೆಯ ಸ್ಥಾನಗಳು. 305ರಲ್ಲಿ ಮೂಲದ್ದಕ್ಕೆ ಆಸ್ಪಾರ್ಟಿಕ್ ಆಮ್ಲ, 2ಎಗೆ ಟೈರೋಸಿನ್. ಈ ನಾಲ್ಕೂ 583ರ ತುಣುಕಿನ ಹೊರಗಿವೆ. ಹಾಗಾಗಿ 1,755 ಬೇಸ್‌ಗಳ ಇಡೀ ವಿಪಿ2 ಓದಿಸುವುದೇ ಲೇಸು. ಲಸಿಕೆ ಹಾಕಿದ ದಿನ ಮತ್ತು ಅದರಲ್ಲಿನ ತಳಿಯನ್ನೂ ದಾಖಲಿಸಿ. 2ಬಿ ಇರುವ ಲಸಿಕೆಗಳೂ ಇವೆ.

ವಂಶವೃಕ್ಷಕ್ಕೆ ಮೆಗಾ ತಂತ್ರಾಂಶ, 1,000 ಬೂಟ್‌ಸ್ಟ್ರಾಪ್ (ಕೊಂಬೆಗಳು ಎಷ್ಟು ಗಟ್ಟಿ ಎಂದು ನೋಡುವ ಮರುಲೆಕ್ಕ) ಸಾಕು. ಆದರೆ 2ಎ, 2ಬಿಗಳು ಅದರಲ್ಲಿ ಒಂದೇ ಕೊಂಬೆಗೆ ಬಂದು ಕೂರುವುದುಂಟು. ಬಗೆಯನ್ನು ಅಮೈನೋ ಆಮ್ಲ ನೋಡಿಯೇ ಬರೆಯಿರಿ. ವೈರಸ್ ಎಲ್ಲಿನ ನೆಂಟ ಎಂಬುದನ್ನಷ್ಟೇ ವೃಕ್ಷಕ್ಕೆ ಕೇಳಿ.