ಹಾಲು-ಗೀಲು ಆಟದಿಂದ ಸಾಗರ ಬಸ್ಸಿನ ಬೋರ್ಡಿನವರೆಗೆ

ನಮ್ಮ ಅಂಗನವಾಡಿಯಿಂದ ಈ ಸಲ ಒಂದನೇ ತರಗತಿಗೆ ಹೋದ ಮಕ್ಕಳಲ್ಲಿ ಹೆಚ್ಚಿನವರು ದೀಪಾವಳಿಗೆ ಮೊದಲೇ ಕಾಗುಣಿತ ದಾಟಿದರು. ಶಾಲೆಯ ಮೇಷ್ಟ್ರೇ ಬಂದು, "ಟೀಚರ್, ಅದೇನು ಆಡಿಸಿದಿರಿ, ಸ್ವಲ್ಪ ಬರೆದುಕೊಡಿ" ಎಂದರು. "ಗಿಜಿಗಿಜಿ ಮಾತಾಡಿಸಿ ಮಕ್ಕಳ ಭಾಷೆ ಕೆಡಿಸಬೇಡಿ" ಎಂದು ಹಿಂದೆ ಬುದ್ಧಿ ಹೇಳಿದವರೂ ಅವರೇ. ಮೇಲ್ವಿಚಾರಕಿಯವರಿಗಂತೂ ಗೋಡೆಯಲ್ಲಿ ಅಕ್ಷರಮಾಲೆಯ ಪಟ ಇಲ್ಲದ್ದೇ ಅಪರಾಧವಾಗಿ ಕಂಡಿತ್ತು. ಆದ್ದರಿಂದ ಅಕ್ಷರಕ್ಕೆ ಮೊದಲು ಆಡಿಸಿದ ಆ ಮಾತಿನಾಟಗಳ ಬಗ್ಗೆ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಪಟ ಇರಲಿಲ್ಲವೆಂದಲ್ಲ, ಕೊಳೆತು ಹೋಗಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಿಂದ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್), ಪ್ಲಾಸ್ಟಿಕ್ ಅಕ್ಷರ, ಮುಟ್ಟಿದರೆ ಉಲಿಯುವ ಪುಸ್ತಕ ಎಂದು ತಂದದ್ದಕ್ಕೆ ನನ್ನ ಗೌರವಧನದಲ್ಲಿ ನಾಲ್ಕು ಸಾವಿರದ ಹತ್ತಿರ ಕರಗಿತು. ರಿಪ್ಪನ್‌ಪೇಟೆಯಿಂದ ಒಳಗಿನ, ತೋಟದ ನಡುವಿನ ಊರು ನಮ್ಮದು. ಆಷಾಢದ ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ. ಮಿಂಚುಪಟ್ಟಿಗೆ ಬೂಷ್ಟು ಬಂತು, ಉಲಿಯುವ ಪುಸ್ತಕದ ಸೆಲ್ ಕಿಲುಬು ಹಿಡಿಯಿತು, ತೇವಕ್ಕೆ ಸ್ಲೇಟಿನ ಮೇಲೆ ಬಳಪ ಏಳಲಿಲ್ಲ. ಅಕ್ಕಿಹಿಟ್ಟಿನಲ್ಲಿ ಬರೆಸಿದರೆ ಇರುವೆ ಸಾಲು ನಮಗಿಂತ ಮೊದಲೇ ಬಂದು ಅಕ್ಷರ ಮುಗಿಸುತ್ತಿತ್ತು.

ಆಗ ಸಾಮಾನೇ ಬೇಡದ ಆಟಕ್ಕೆ ಇಳಿದೆ. ಹಾಲು-ಗೀಲು, ಮಳೆ-ಗಿಳೆ, ಊಟ-ಗೀಟ ಎಂದು ನಾವು ದಿನವೂ ಆಡುತ್ತೇವಲ್ಲ, ಅದನ್ನೇ ಹಾಜರಿಗೆ ಹೊಂದಿಸಿದೆ. ಬಾಗಿಲಲ್ಲಿ ನಿಂತ ಮಗುವಿಗೆ ನಾನೊಂದು ಪದ ಕೊಡಬೇಕು, ಅದು ಜೋಡಿ ಹೇಳಿ ಒಳಗೆ ಬರಬೇಕು. ಚಪ್ಪಲಿ? ಗಿಪ್ಪಲಿ. ಕೊಡೆ? ಗಿಡೆ. ಕಾಫಿ? ಗೀಫಿ. ನಾಲ್ಕು ವರ್ಷದ ಮಗು ಪದದ ಮೊದಲ ಅಕ್ಷರ ಕಿತ್ತು, ಉಳಿದದ್ದನ್ನು ಕೆಡಿಸದೆ ಹಿಡಿದುಕೊಂಡು, ಹ್ರಸ್ವಕ್ಕೆ ಗಿ, ದೀರ್ಘಕ್ಕೆ ಗೀ ಎಂದು ತಾನೇ ಹಚ್ಚುತ್ತದೆ. ಹ್ರಸ್ವ, ದೀರ್ಘ ಎಂಬ ಮಾತನ್ನು ನಾನು ಒಂದು ದಿನವೂ ಎತ್ತಿಲ್ಲ. ಗಿಡ ಎಂಬ ಪದಕ್ಕೆ ಬಂದಾಗ ಮಾತ್ರ ಆಟ ನಿಂತಿತು. ಗಿಡ-ಗಿಡ ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಒಬ್ಬ ಪೋರ "ಗಿಡ-ಪಿಡ" ಎಂದ. ಅದೇ ಕಾನೂನಾಯಿತು.

ಮನೆಯಲ್ಲಿ ಉರ್ದು ಆಡುವ ಒಬ್ಬಳು ಹುಡುಗಿ ಬಂದ ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ನೀರಿನ ಸರದಿಯಲ್ಲಿ "ಪಾನಿ-ವಾನಿ" ಎಂದುಬಿಟ್ಟಳು. ನಾನು ಅದನ್ನು ಬಿಡಲಿಲ್ಲ. ಆ ವಾರವೆಲ್ಲ ಮನೆ-ವನೆ, ಬೆಕ್ಕು-ವೆಕ್ಕು ಎಂದು ವ ಹಚ್ಚಿಯೇ ಆಡಿಸಿದೆ. ಅವಳೇ ಆಟದ ಯಜಮಾನಿ. ಕೊಂಕಣಿ, ತುಳು ಮನೆಗಳ ಮಕ್ಕಳೂ ತಮ್ಮ ಮನೆಯ ಪದ ತರಲು ಶುರು ಮಾಡಿದ್ದು ಆಮೇಲೆ. ಮಾತೇ ಆಡದ ಮಗುವನ್ನು ಮೊದಲ ವಾರ ಒಲಿಸಿಕೊಳ್ಳಲು ಇನ್ನೊಂದು ಉಪಾಯವೂ ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತಿಂಗಳ ಸಭೆಯಲ್ಲಿ ಚಹಾ ಕುಡಿಸಿದವರಿಗೆ ಹೇಳುತ್ತೇನೆ.

ಐದು ದಾಟಿದವರಿಗೆ ಕ-ಭಾಷೆ. ನಾವೆಲ್ಲ ಚಿಕ್ಕಂದಿನಲ್ಲಿ ದೊಡ್ಡವರಿಗೆ ತಿಳಿಯಬಾರದೆಂದು ಆಡಿದ್ದೇ: ಪ್ರತಿ ಅಕ್ಷರಕ್ಕೆ ಮೊದಲು ಒಂದು ಕ. ಮನೆ ಎಂದರೆ ಕಮ-ಕನೆ, ಕಡುಬು ಎಂದರೆ ಕಕ-ಕಡು-ಕಬು. ಪದವನ್ನು ಬಿಡಿಸಲು ಬಾರದ ಮಗು ಇದನ್ನು ಆಡಲಾರದು, ಆಡಲು ಬಂದರೆ ಬಿಡಿಸಲು ಬಂತೆಂದೇ ಲೆಕ್ಕ. ಬೇರೆ ಪರೀಕ್ಷೆ ಯಾಕೆ? ಒತ್ತಕ್ಷರದ ಪದಗಳಿಗೆ ಮಕ್ಕಳು ಅಕ್-ಕಿ, ಅಮ್-ಮ ಎಂದೇ ಮುರಿಯುತ್ತಾರೆ. ಬರಹದಲ್ಲಿ ಅದು ಅ, ಕ್ಕಿ. ಆಗ ತಿದ್ದಲು ಹೋಗಬೇಡಿ, ಕಿವಿಗೆ ಕೇಳಿದ್ದು ಹಾಗೆಯೇ.

ಈ ಕ-ಭಾಷೆ ಮನೆಗಳಿಗೂ ಹೋಗಿ ಗಲಾಟೆಯಾಯಿತು. ಬಾಲವಿಕಾಸ ಸಮಿತಿಯ ಸಭೆಯಲ್ಲಿ ಒಬ್ಬರು ಅಪ್ಪ ಎದ್ದು, "ಎ ಬಿ ಸಿ ಡಿ ಯಾವಾಗ?" ಎಂದರು. ಮೂರೋ ನಾಲ್ಕೋ ಮಕ್ಕಳು ಹಳದಿ ವ್ಯಾನ್ ಹತ್ತಿ ಪೇಟೆಯ ಕಾನ್ವೆಂಟಿಗೆ ಹೋದರು. ಫೀಸು, ವ್ಯಾನ್ ಬಾಡಿಗೆ ಸೇರಿ ವರ್ಷಕ್ಕೆ ಇಪ್ಪತ್ತೈದು ಸಾವಿರದ ಮೇಲೆ. ಅವರಲ್ಲಿ ಇಬ್ಬರು ವಾಪಸ್ ಬಂದಿದ್ದಾರೆ. ನಾನು ಏನೂ ಕೇಳಲಿಲ್ಲ, ಚಪ್ಪಲಿ-ಗಿಪ್ಪಲಿ ಎನಿಸಿ ಒಳಗೆ ಬಿಟ್ಟೆ.

ಅಕ್ಷರ ತೋರಿಸಿದ್ದು ಇದೆಲ್ಲದರ ನಂತರ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಸುವ ರ ಗ ಸ ದ ಅ ಕ್ರಮ ನಿಮಗೆ ಗೊತ್ತೇ ಇದೆ, ನಾನೂ ಅದನ್ನೇ ಹಿಡಿದೆ. ನೆಲದ ಮೇಲೆ ದೊಡ್ಡದಾಗಿ ಬರೆದು, ಗೆರೆಯ ಮೇಲೆ ಬೀಜ ಜೋಡಿಸುವುದು. ಹುಣಸೆ ಬೀಜ ಒಬ್ಬನ ಮೂಗಿಗೆ ಹೋಗಿ ಆ ಸಂಜೆಯೆಲ್ಲ ಆಸ್ಪತ್ರೆಯ ದಾರಿ. ರಾಶಿ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರ ಇದ್ದಾಗ ಅಡಿಕೆ ಕೊಡಿ ಎಂದು ಯಾರನ್ನು ಕೇಳುವುದು! ಕೊಳೆರೋಗಕ್ಕೆ ಉದುರಿದ ಕಾಯಿ ಬೇಕಾದಷ್ಟು ಸಿಗುತ್ತಿತ್ತು, ಆದರೆ ಮೈಲುತುತ್ತಿನ ಔಷಧಿ ಹೊಡೆದದ್ದನ್ನು ಮಕ್ಕಳ ಕೈಗೆ ಕೊಡಲಾಗದು. ಕೊನೆಗೆ ನೆಲೆ ನಿಂತದ್ದು ಹಲಸಿನ ಬೀಜ. ಯಾವ ಮೂಗಿಗೂ ಹಿಡಿಸುವುದಿಲ್ಲ, ಖರ್ಚು ಸೊನ್ನೆ, ಕೆಲಸ ಮುಗಿದ ಮೇಲೆ ಸುಟ್ಟು ತಿನ್ನಬಹುದು.

ಓದಿಗೆ ಬಸ್ಸಿನ ಬೋರ್ಡು. ಸಾಗರ ಎಂಬ ಬೋರ್ಡಿನಲ್ಲಿ ಗ, ರ ಗೊತ್ತಿದ್ದದ್ದೇ. ಮೊದಲನೆಯದನ್ನು ನೋಡಿ ಒಬ್ಬಳು "ಇದು ಸ ಅಲ್ಲ, ಉದ್ದ ಸ" ಎಂದಳು. ಗಿ-ಗೀ ಆಡಿದ ಕಿವಿ ಅದು, ನಾನು ದೀರ್ಘ ಕಲಿಸುವ ಕೆಲಸವೇ ಉಳಿಯಲಿಲ್ಲ. ಹೊಸನಗರದ ಬೋರ್ಡಿನಲ್ಲಿ ಮೊದಲು ನಗರ ಸಿಕ್ಕಿತು, ಆಮೇಲೆ ಸ, ಕಡೆಗೆ ಹೊ. ಶಿವಮೊಗ್ಗದ ಗ್ಗ ಬಂದಾಗ, ತಾವೇ ಮುರಿಯುತ್ತಿದ್ದ ಅಕ್-ಕಿಯನ್ನು ನೆನಪಿಸಿದೆ, ಅಷ್ಟೇ ಸಾಕಾಯಿತು.

ನಡುವೆ ಅಜ್ಜಿಯಂದಿರ ಒಗಟುಗಳನ್ನು ಮೊಬೈಲಿನಲ್ಲಿ ತುಂಬಿಸಿಕೊಂಡು ಬಂದು ಕೇಳಿಸಿದೆ. ಮಕ್ಕಳು ಒಗಟು ಬಿಟ್ಟು ಮೊಬೈಲನ್ನೇ ನೋಡುತ್ತ ಕೂತರು. ಆಮೇಲೆ ಅಜ್ಜಿಯರನ್ನೇ ಸರದಿಯಲ್ಲಿ ಕರೆದೆ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂದು ಒಬ್ಬರು ಕೇಳಿದರೆ ಮಲ್ಲಿಗೆ ಎಂಬ ಉತ್ತರಕ್ಕೆ ಮೊದಲೇ ಹತ್ತು ಉತ್ತರ ಬರುತ್ತಿದ್ದವು. ಅಜ್ಜಿಯರಿಗೆ ಎಲೆ-ಅಡಿಕೆಯ ಖರ್ಚು ನನ್ನದೇ, ತಿಂಗಳಿಗೆ ನೂರು ರೂಪಾಯಿಯ ಆಸುಪಾಸು.

ಇನ್ನೂ ದಾರಿ ಕಾಣದಿರುವುದು ಅರ್ಕಾವತ್ತಿಗೆ. ತೀರ್ಥಹಳ್ಳಿ ಎಂಬಲ್ಲಿ ಕಿವಿಗೆ ಮೊದಲು ಕೇಳುವ ರ್, ಬರಹದಲ್ಲಿ ಥದ ಆಚೆ ಹೋಗಿ ಕೂತಿರುತ್ತದೆ. ಕಿವಿಯನ್ನೇ ನಂಬಿ ಬೆಳೆದ ನಮ್ಮ ಮಕ್ಕಳು ಅಲ್ಲಿ ಕಂಗಾಲು. ಕ-ಭಾಷೆಯೂ ಕೈಕೊಟ್ಟಿತು, ಹಲಸಿನ ಬೀಜವೂ ಕೈಕೊಟ್ಟಿತು. ಸದ್ಯಕ್ಕೆ ತೀರ್ಥಹಳ್ಳಿ ಬಸ್ಸನ್ನು ಅವರು ಬಣ್ಣ ನೋಡಿಯೇ ಗುರುತಿಸುತ್ತಾರೆ.