ಆನ್‌ಲೈನ್ ಹರಾಜಿನಲ್ಲಿ ಹಳೆಯ ಕಾರು: ಇಲ್ಲದ ಫೋಟೊ ಯಾವುದು ಎಂದು ನೋಡಿ

ಹಳೆಯ ಕಾರುಗಳ ಹರಾಜು ಅಮೆರಿಕದಲ್ಲಿ ಈಗ ಬಹುಮಟ್ಟಿಗೆ ಮೊಬೈಲಿನಲ್ಲೇ ನಡೆಯುತ್ತದೆ. 2007ರಲ್ಲಿ ಶುರುವಾದ ಬ್ರಿಂಗ್ ಎ ಟ್ರೇಲರ್ ತಾಣ 2014ರಿಂದ ತಾನೇ ಹರಾಜು ನಡೆಸುತ್ತಿದೆ. 2020ರಲ್ಲಿ ಬಂದ ಕಾರ್ಸ್ ಆ್ಯಂಡ್ ಬಿಡ್ಸ್ ತಾಣದಲ್ಲಿ 1980ರ ದಶಕದಿಂದ ಈಚಿನ ಕಾರುಗಳು ಸಿಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ನ್ಯೂಯಾರ್ಕಿನ ಕಾರನ್ನು ಮನೆಯಲ್ಲೇ ಕೂತು ಕೊಳ್ಳಬಹುದು. ತೊಡಕೇನೆಂದರೆ ಕಾರಿನ ಕೆಳಗೆ ಬಗ್ಗಿ ನೋಡಲು ಆಗುವುದಿಲ್ಲ. ಮಾರುವವರು ತೋರಿಸಿದ್ದನ್ನು ಎಲ್ಲರೂ ನೋಡುತ್ತಾರೆ, ತೋರಿಸದೆ ಬಿಟ್ಟದ್ದನ್ನು ಗುರುತಿಸುವವರು ಮಾತ್ರ ದುಡ್ಡು ಉಳಿಸುತ್ತಾರೆ.

ಉದಾಹರಣೆಗೆ ಡ್ಯಾಟ್ಸನ್ 240ಝಡ್ ಕಾರನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ 1970ರಿಂದ 1973ರವರೆಗಿನ ಮಾದರಿಯಾಗಿ ಮಾರಾಟವಾದ, 2.4 ಲೀಟರ್‌ನ ಆರು ಸಿಲಿಂಡರ್ ಎಂಜಿನ್ನಿನ ಜಪಾನಿ ಸ್ಪೋರ್ಟ್ಸ್ ಕಾರು ಇದು. ಎಂಜಿನ್ ಗಟ್ಟಿ, ತಗಡು ಮಾತ್ರ ತೆಳು.

ತುಕ್ಕು ಎಲ್ಲಿ?

ಮೊದಲು ಬ್ಯಾಟರಿ ಕೂರುವ ತಟ್ಟೆ ನೋಡಿ. ಬಾನೆಟ್ ಎತ್ತಿದರೆ ಪ್ರಯಾಣಿಕರ ಬದಿಯಲ್ಲಿ, ಹಿಂದಿನ ಮೂಲೆಯಲ್ಲಿ ಅದಿದೆ. ವರ್ಷಗಟ್ಟಲೆ ತೊಟ್ಟಿಕ್ಕಿದ ಆ್ಯಸಿಡ್ ತಟ್ಟೆಯನ್ನು ತಿಂದು, ಅಲ್ಲಿಂದ ಇಳಿದು ಕೆಳಗಿನ ಚೌಕಟ್ಟಿನ ಪಟ್ಟಿಯನ್ನೂ ಕೊರೆಯುತ್ತದೆ. ತಟ್ಟೆ ಹೊಸದಾಗಿದ್ದರೆ ಸಮಾಧಾನಪಡಬೇಡಿ, ಅದರ ನೇರ ಕೆಳಗಿನ ಫೋಟೊ ಕೇಳಿ. ಆಮೇಲೆ ಹಿಂದಿನ ಚಕ್ರದ ಮುಂದುಗಡೆಯ ಮೂಲೆ. ನೀರು ಹೊರಹೋಗುವ ಕಿಂಡಿಯಲ್ಲಿ ಕೆಸರು ಕಟ್ಟಿಕೊಂಡರೆ ತಗಡು ಒಳಗಿನಿಂದಲೇ ಕೊಳೆಯುತ್ತದೆ. ಹೊರಗೆ ಬಣ್ಣ ಬೊಬ್ಬೆ ಎದ್ದಿರುವುದು ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ನೆಲದ ತಗಡು, ಸ್ಟೆಪ್ನಿ ಇಡುವ ಗುಂಡಿ, ಹಿಂಬಾಗಿಲಿನ ಹೊಸ್ತಿಲು ಇವುಗಳ ಫೋಟೊವೂ ಬೇಕು. ನೆಲದಡಿಯ ಉದ್ದ ಪಟ್ಟಿಗಳು ಎಷ್ಟೋ ಕಾರುಗಳಲ್ಲಿ ಜ್ಯಾಕ್ ಕೊಟ್ಟು ಚಪ್ಪಟೆಯಾಗಿರುತ್ತವೆ. ಅಡಿಗೆ ಹೊಸದಾಗಿ ಕಪ್ಪು ಲೇಪನ ಬಳಿದಿದ್ದರೆ ನಮ್ಮ ಮಟ್ಟಿಗೆ ಅದು ಅನುಮಾನಕ್ಕೆ ಕಾರಣವೇ. ಬಳಿಯುವ ಮುಂಚಿನ ಫೋಟೊ ಕೇಳಿ, ಇಲ್ಲವೆಂದರೆ ನಿಮ್ಮ ಲೆಕ್ಕದ ಬೆಲೆ ಇಳಿಸಿ.

ಬಣ್ಣದ ದಪ್ಪ ಅಳೆಯುವ ಮೀಟರಿನ ಅಂಕಿಗಳನ್ನೂ ಕೇಳಬಹುದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು. 300 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, 1,000 ದಾಟಿದರೆ ಒಳಗೆ ಪುಟ್ಟಿ ಇದೆ ಎಂದೇ ತಿಳಿಯಿರಿ.

ನಂಬರುಗಳು

17 ಅಂಕಿಯ ಏಕರೂಪದ ಚಾಸಿ ಸಂಖ್ಯೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1981ರ ಮಾದರಿಯಿಂದ. ಅದಕ್ಕೂ ಹಳೆಯ ಕಾರುಗಳ ಚರಿತ್ರೆ ಕಂಪ್ಯೂಟರ್ ವರದಿಯಲ್ಲಿ ಸರಿಯಾಗಿ ಸಿಗದು. ಹಾಗಾಗಿ ನಂಬರುಗಳನ್ನು ಕಣ್ಣಾರೆ ತಾಳೆ ನೋಡಬೇಕು. 240ಝಡ್‌ನಲ್ಲಿ ಎಚ್‌ಎಲ್‌ಎಸ್30 ಎಂದು ಶುರುವಾಗುವ ಸಂಖ್ಯೆ ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ ಅಚ್ಚೊತ್ತಿರುತ್ತದೆ; ಡ್ಯಾಶ್‌ಬೋರ್ಡಿನ ಪಟ್ಟಿಯಲ್ಲೂ ಬಾನೆಟ್ ಕೆಳಗಿನ ಫಲಕದಲ್ಲೂ ಅದೇ ಇರಬೇಕು. ಆ ಫಲಕದಲ್ಲಿ ಎಂಜಿನ್ ಸಂಖ್ಯೆಯೂ ಇದೆ, ಅದನ್ನು ಎಂಜಿನ್ ಬ್ಲಾಕಿನ ಮೇಲಿನ ಸಂಖ್ಯೆಯೊಂದಿಗೆ ಹೋಲಿಸಿ. ಕೊನೆಗೆ ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಪತ್ರ: ಅದು ಮಾರುವವರ ಹೆಸರಿನಲ್ಲೇ ಇದೆಯೇ, ಸಾಲದ ಬಾಕಿ ನಮೂದಾಗಿದೆಯೇ, ಅಪಘಾತದ ನಂತರ ಗುಜರಿಗೆ ಹಾಕಿದ್ದ ಕಾರೆಂಬ ಮುದ್ರೆ ಇದೆಯೇ ನೋಡಿ.

ಹರಾಜು ಸಾಮಾನ್ಯವಾಗಿ 7 ದಿನ ನಡೆಯುತ್ತದೆ. ಕಾರಿರುವ ಊರಿನ ಮೆಕ್ಯಾನಿಕ್ ಒಬ್ಬರಿಂದ ಕಾರನ್ನು ಲಿಫ್ಟ್ ಮೇಲೆ ಏರಿಸಿ ಪರೀಕ್ಷೆ ಮಾಡಿಸಲು ಇಷ್ಟು ಸಮಯ ಸಾಕು, ಆದರೆ ಮೊದಲ ದಿನವೇ ಫೋನ್ ಮಾಡಬೇಕು.

ಬಿಡ್ ಲೆಕ್ಕ

ಬ್ರಿಂಗ್ ಎ ಟ್ರೇಲರ್‌ನಲ್ಲಿ ಗೆದ್ದವರಿಂದ ತಾಣಕ್ಕೆ ಶೇ 5 ಶುಲ್ಕ. ಕನಿಷ್ಠ 250 ಡಾಲರ್, ಗರಿಷ್ಠ ಮಿತಿಯೂ ಉಂಟು. ಆ ಮಿತಿ ಆಗಾಗ ಬದಲಾಗುವುದರಿಂದ ಬಿಡ್ ಮಾಡುವ ದಿನ ನೋಡಿಕೊಳ್ಳಿ. 30,000 ಡಾಲರಿಗೆ ಕಾರು ಸಿಕ್ಕಿತೆನ್ನಿ. ಶುಲ್ಕ 1,500, ಕ್ಯಾಲಿಫೋರ್ನಿಯಾದ ತೆರಿಗೆ ಕನಿಷ್ಠ ಶೇ 7.25ರಂತೆ 2,175. ಮುಚ್ಚಿದ ಲಾರಿಯಲ್ಲಿ ಸಾಗಣೆಗೆ 2,500, ಪರೀಕ್ಷೆಗೆ 400 ಎಂದಿಟ್ಟುಕೊಂಡರೂ ಒಟ್ಟು 36,575 ಡಾಲರ್. ಆದ್ದರಿಂದ ಕೈಯಲ್ಲಿರುವ ಹಣದಿಂದ ಹಿಂದಕ್ಕೆ ಲೆಕ್ಕ ಹಾಕಿ ನಿಮ್ಮ ಕೊನೆಯ ಬಿಡ್ ಎಷ್ಟೆಂದು ಮೊದಲೇ ಬರೆದಿಡಿ.

ಕೊನೇ ಗಳಿಗೆಯಲ್ಲಿ ನುಗ್ಗಿ ಕಾರು ಹೊಡೆದುಕೊಳ್ಳುವ ಉಪಾಯ ಇಲ್ಲಿ ನಡೆಯದು. ಕಡೆಯ 2 ನಿಮಿಷದಲ್ಲಿ ಯಾರೇ ಬಿಡ್ ಹಾಕಿದರೂ ಗಡಿಯಾರ ಮತ್ತೆ 2 ನಿಮಿಷಕ್ಕೆ ಮರಳುತ್ತದೆ. ಇಬ್ಬರು ಹಟಕ್ಕೆ ಬಿದ್ದರೆ ಇದೇ ಅರ್ಧ ಗಂಟೆ ಎಳೆಯಬಹುದು, ಬರೆದಿಟ್ಟ ಅಂಕಿ ಮರೆತುಹೋಗುವುದೂ ಆಗಲೇ. ಬಿಡ್ ಹಾಕಿದ ಕೂಡಲೇ ಶುಲ್ಕದಷ್ಟು ಮೊತ್ತ ನಿಮ್ಮ ಕಾರ್ಡಿನಲ್ಲಿ ತಡೆಹಿಡಿಯಲಾಗುತ್ತದೆ. ಗೆದ್ದ ಮೇಲೆ ಕಾರು ಬೇಡವೆಂದರೆ ಆ ಹಣ ಕೈಬಿಟ್ಟಂತೆಯೇ.

ಕಾರಿನ ಹಣ ತಾಣದ ಮೂಲಕ ಹೋಗದು, ನೇರವಾಗಿ ಮಾರುವವರ ಖಾತೆಗೆ. ಇಮೇಲ್‌ನಲ್ಲಿ ಬಂದ ಖಾತೆ ಸಂಖ್ಯೆಯನ್ನು ಫೋನಿನಲ್ಲಿ ಓದಿಸಿ ಖಚಿತಪಡಿಸಿಕೊಳ್ಳದೆ ಹಣ ಕಳಿಸಬೇಡಿ. ಲಾರಿಗೆ ಹತ್ತಿಸುವ ಮುಂಚೆ, ಪೂರ್ವ ಒಪ್ಪಿತ ಮೌಲ್ಯದ ವಿಮೆ ಮಾಡಿಸಿ. ಮಾಮೂಲಿ ವಿಮೆಯಲ್ಲಿ 50 ವರ್ಷದ ಕಾರಿಗೆ ಸಿಗುವುದು ಸವಕಲು ಬೆಲೆ ಮಾತ್ರ.

ಮಾರುವವರಿಗೆ

ಮೇಲೆ ಕೊಳ್ಳುವವರು ಕೇಳಬೇಕೆಂದ ಫೋಟೊಗಳನ್ನೆಲ್ಲ ಅವರು ಕೇಳುವ ಮೊದಲೇ ಹಾಕಿ. 100ರಿಂದ 150 ಚಿತ್ರಗಳು ಹೆಚ್ಚೇನಲ್ಲ. ಮೋಡ ಮುಸುಕಿದ ದಿನ ಅಥವಾ ಬೆಳಗಿನ ಹೊತ್ತು, ಒಣಗಿದ ಕಾರಿನ ಚಿತ್ರ ತೆಗೆಯಿರಿ. ನೀರು ಚಿಮುಕಿಸಿದ ಕಾರು ಹೊಳೆಯುತ್ತದೆ, ಜತೆಗೆ ಬಣ್ಣದ ದೋಷವನ್ನೂ ಮುಚ್ಚುತ್ತದೆ, ಅನುಭವಿಗಳಿಗೆ ಇದು ಗೊತ್ತು. ತಣ್ಣಗಿರುವ ಎಂಜಿನ್ ಶುರುಮಾಡುವ ವಿಡಿಯೊ ಬೇಕೇ ಬೇಕು. ಸೈಲೆನ್ಸರಿನ ತುದಿಯೂ ಕಾಣುವಂತೆ, ಮಧ್ಯೆ ಕತ್ತರಿಸದೆ ಚಿತ್ರೀಕರಿಸಿ. ಶುರುವಾದಾಗ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಅದನ್ನು ನೀವೇ ಬರೆದರೆ ಬಿಡ್ ಸ್ವಲ್ಪ ಇಳಿಯಬಹುದು, ಕೊಂಡವರು ಕಂಡುಹಿಡಿದರೆ ಜಗಳವೇ.

ರಿಸರ್ವ್ ಬೆಲೆ ಇಟ್ಟರೆ ಅದಕ್ಕಿಂತ ಕಡಿಮೆಗೆ ಕಾರು ಕೈಬಿಡಬೇಕಿಲ್ಲ. ಅದೇ ಮಾದರಿಯ ಇತ್ತೀಚಿನ ಹರಾಜುಗಳ ಬೆಲೆ ನೋಡಿ, ಅದರಲ್ಲೂ ನಿಮ್ಮ ಕಾರಿನಂಥದೇ ಸ್ಥಿತಿಯ ಕಾರುಗಳದ್ದನ್ನು ನೋಡಿ, ಅಂಕಿ ನಿರ್ಧರಿಸಿ. ಹರಾಜು ನಡೆಯುವ ವಾರ ಪ್ರವಾಸ ಇಟ್ಟುಕೊಳ್ಳಬೇಡಿ. ಪ್ರಶ್ನೆಗೆ ಒಂದು ದಿನ ಉತ್ತರ ಬರದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಜನ ತಿಳಿಯುತ್ತಾರೆ. ಹಣ ಖಾತೆಗೆ ಬಂದುದನ್ನು ಬ್ಯಾಂಕ್ ಖಚಿತಪಡಿಸಿದ ಮೇಲಷ್ಟೇ ಟೈಟಲ್‌ಗೆ ಸಹಿ. ನಕಲಿ ಬ್ಯಾಂಕ್ ಚೆಕ್ಕುಗಳ ಹಾವಳಿ ಇರುವುದರಿಂದ ಚೆಕ್ ಬೇಡ.

ಭಾರತದಲ್ಲಿ ಇಂಥ ವಾಹನ ಮಾರುವವರು 2021ರ ಕೇಂದ್ರ ನಿಯಮ ತಿಳಿದಿರಬೇಕು. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ವಾಹನಕ್ಕೆ 'ವಿಎ' ಅಕ್ಷರಗಳಿರುವ ವಿಂಟೇಜ್ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ದುರಸ್ತಿ, ಇಂಧನ ತುಂಬಿಸುವುದಕ್ಕೆ ರಸ್ತೆಗಿಳಿಸಬಹುದು. ಮಾರಾಟವಾದರೆ ಕೊಂಡವರೂ ಮಾರಿದವರೂ 90 ದಿನಗಳೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು.